ಕೋಟೆಯಿಲ್ಲದ ನಗರ: ಸ್ಟಾಲಿನ್‌ಗ್ರಾಡಿನ ಬೀದಿಕಾಳಗ

1799ನೆಯ ಇಸವಿ ಮೇ 4ನೆಯ ತಾರೀಖು ಮಧ್ಯಾಹ್ನ ಒಂದು ಘಂಟೆಯ ಸುಮಾರಿಗೆ ಇಂಗ್ಲಿಷರ ದಂಡು ಕಾವೇರಿಯ ಬಂಡೆಗಳ ಪಾತ್ರವನ್ನು ದಾಟಿ ಶ್ರೀರಂಗಪಟ್ಟಣದ ಕೋಟೆಯ ಒಡಕಿಗೆ ಲಗ್ಗೆ ಹತ್ತಿತು. ಕತ್ತಲಾಗುವಷ್ಟರಲ್ಲಿ ಕಾಳಗ ಮುಗಿದಿದ್ದಿತು. ಸುಲ್ತಾನನ ದೇಹ ಬಾಗಿಲೊಂದರ ಬಳಿ ಹೆಣಗಳ ನಡುವೆ ಸಿಕ್ಕಿತು. ಆ ರಾತ್ರಿ ಪಟ್ಟಣ ಸೂರೆಯಾಯಿತು. ಈ ವೃತ್ತಾಂತ ನಮ್ಮ ನಾಡಿನಲ್ಲಿ ಎಲ್ಲರೂ ಬಲ್ಲದ್ದು. ಅದನ್ನು ಇಲ್ಲಿ ಸ್ಮರಿಸಿದುದು ಒಂದು ಅಂಶಕ್ಕಾಗಿ ಮಾತ್ರ. ಆ ಮುತ್ತಿಗೆಯಲ್ಲಿ ತಿಂಗಳೊಂದರ ಶ್ರಮವೆಲ್ಲ ಗೋಡೆಯೊಂದನ್ನು ಒಡೆಯುವುದಕ್ಕಾಗಿ ನಡೆಯಿತು. ಗೋಡೆ ಒಡೆದು ಒಳಹೊಕ್ಕಮೇಲೆ ಊರಿನೊಳಗಿನ ಹೋರಾಟ ಕೆಲವು ಘಂಟೆಗಳ ಮಾತಾಯಿತು. ಹಳೆಯ ಕಾಲದ ಯುದ್ಧಶಾಸ್ತ್ರವೆಲ್ಲ ಈ ಕ್ರಮವನ್ನು ನಂಬಿಕೊಂಡು ಬೆಳೆದುದು. ನಗರವೆಂದರೆ ಕೋಟೆ, ಕೋಟೆ ಬಿದ್ದರೆ ನಗರ ಬಿದ್ದಂತೆಯೇ.

ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ದೊಡ್ಡ ನಗರಗಳು ತಮ್ಮ ಕೋಟೆಗಳನ್ನು ತಾವೇ ಕೆಡವಿಕೊಂಡವು. ವಿಯೆನ್ನಾ ನಗರದ ಗೋಡೆಯನ್ನು ಕೆಡವುವಂತೆ 1857ರಲ್ಲಿ ಚಕ್ರವರ್ತಿಯ ಅಪ್ಪಣೆಯಾಯಿತು. ಗೋಡೆಯಿದ್ದ ಸ್ಥಳದಲ್ಲಿ ವಿಶಾಲವಾದ ರಾಜಬೀದಿ ಬಂದಿತು. ದೂರಗಾಮಿಯಾದ ಫಿರಂಗಿಗಳ ಮುಂದೆ ಕಲ್ಲಿನ ಗೋಡೆ ನಿಷ್ಪ್ರಯೋಜಕ, ಇನ್ನು ಯುದ್ಧಗಳು ಬಯಲಿನಲ್ಲಿ ತೀರ್ಮಾನವಾಗುವುವು, ಗೆದ್ದವನು ನಗರಕ್ಕೆ ಬಂದು ಕೀಲಿಕೈಗಳನ್ನು ಪಡೆಯುವನು ಎಂಬ ಭಾವನೆ ನೆಲೆಗೊಂಡಿತು. 1940ರ ಜೂನ್ 14ರಂದು ಪ್ಯಾರಿಸು ಜರ್ಮನರ ವಶವಾದುದು ಹಾಗೆಯೇ. ಫ್ರೆಂಚರು ಅದನ್ನು ಮುಕ್ತನಗರವೆಂದು ಸಾರಿ ಹಿಂದೆಗೆದರು; ಬೀದಿಗಳಲ್ಲಿ ಕಾಳಗವೇ ನಡೆಯಲಿಲ್ಲ. ಅದಾದ ಎರಡು ವರ್ಷಕ್ಕೆ, ಅದೇ ಜರ್ಮನ್ ಸೈನ್ಯ ರಷ್ಯ ದೇಶದಲ್ಲಿ ಕೋಟೆಯೇ ಇಲ್ಲದ ಒಂದು ನಗರದೆದುರಿಗೆ ಬಂದು ನಿಂತಿತು. ಐದು ತಿಂಗಳಾದರೂ ಆ ನಗರ ಪೂರ್ಣವಾಗಿ ಅದರ ಕೈಗೆ ಬರಲಿಲ್ಲ. ಕೊನೆಗೆ ಸೈನ್ಯವೇ ಅಲ್ಲಿ ಅಳಿಯಿತು. ಆ ನಗರವೇ ಸ್ಟಾಲಿನ್‌ಗ್ರಾಡ್.

ಮೊದಲು ಊರಿನ ರೂಪವನ್ನು ಮನಸ್ಸಿನಲ್ಲಿ ತಂದುಕೊಳ್ಳಬೇಕು. 1589ರಲ್ಲಿ ವೋಲ್ಗಾ ನದಿಯ ಪಶ್ಚಿಮ ದಂಡೆಯಲ್ಲಿ ಕಾವಲುಠಾಣೆಯಾಗಿ ಹುಟ್ಟಿದ ಇದರ ಮೂಲದ ಹೆಸರು ತ್ಸಾರಿತ್ಸಿನ್. 1925ರಲ್ಲಿ ಇದಕ್ಕೆ ಸ್ಟಾಲಿನನ ಹೆಸರಿಟ್ಟರು. 1961ರಲ್ಲಿ ಆ ಹೆಸರನ್ನೂ ತೆಗೆದು ವೋಲ್ಗೋಗ್ರಾಡ್ ಎಂದು ಕರೆದರು. ನಗರ ನದಿಯ ಅಂಚಿಗೆ ಅಂಟಿಕೊಂಡು ಉತ್ತರ ದಕ್ಷಿಣವಾಗಿ 20 ಮೈಲಿಗೂ ಹೆಚ್ಚು ಉದ್ದಕ್ಕೆ ಹಬ್ಬಿದೆ. ಅಗಲ ಮಾತ್ರ ಬಹಳ ಕಡಿಮೆ. ಉತ್ತರದಲ್ಲಿ ಸಾಲಾಗಿ ಮೂರು ಭಾರಿ ಕಾರ್ಖಾನೆಗಳು: ಟ್ರ್ಯಾಕ್ಟರಿನದು, ಬಾರಿಕಾಡಿ ಎಂಬ ಫಿರಂಗಿಯದು, ಕೆಂಪು ಅಕ್ಟೋಬರ್ ಎಂಬ ಉಕ್ಕಿನದು. ನಡುವೆ ಮಾಮಾಯೆವ್ ಕುರ್ಗಾನ್ ಎಂಬ ದಿಬ್ಬ. ಅದರ ಮೇಲೆ ನಿಂತರೆ ಊರೂ ನದಿಯೂ ಅಂಗೈ ಮೇಲಿಟ್ಟಂತೆ ಕಾಣುವುವು. ದಕ್ಷಿಣದಲ್ಲಿ ಹಳೆಯ ಪೇಟೆ, ರೈಲು ನಿಲ್ದಾಣ, ಅದಕ್ಕೂ ಆಚೆ ಕಾಂಕ್ರೀಟಿನ ಎತ್ತರವಾದ ಧಾನ್ಯದ ಉಗ್ರಾಣ. ಹಿಂದೆ ಅರ್ಧ ಮೈಲಿಗೂ ಮೀರಿ ಅಗಲವಾದ ನದಿ; ಅದಕ್ಕೆ ಸೇತುವೆಯಿರಲಿಲ್ಲ. ಯುದ್ಧಕ್ಕೆ ಮುಂಚೆ ಇಲ್ಲಿನ ಜನಸಂಖ್ಯೆ ನಾಲ್ಕೂವರೆ ಲಕ್ಷದ ಸುಮಾರು; 1942ರ ಬೇಸಿಗೆಯಲ್ಲಿ ಪಶ್ಚಿಮದಿಂದ ಓಡಿಬಂದ ನಿರಾಶ್ರಿತರೂ ಸೇರಿ ಅದು ಇನ್ನೂ ಬೆಳೆದಿದ್ದಿತು.

ಜರ್ಮನರು ಇಲ್ಲಿಗೆ ಬಂದುದು ಸ್ಟಾಲಿನನ ಹೆಸರಿನ ಮೇಲಣ ಹಗೆಯಿಂದ ಎಂದು ಹೇಳುವ ವಾಡಿಕೆಯುಂಟು. ಇದು ಅರ್ಧ ಸತ್ಯ. 1942ರ ಜೂನ್ 28ರಂದು ಹೊರಟ ದಂಡಯಾತ್ರೆಯ ಗುರಿ ಕಾಕಸಸ್ ಪ್ರಾಂತದ ಎಣ್ಣೆಯ ಬಾವಿಗಳು. ವೋಲ್ಗಾ ನದಿಯ ಸಂಚಾರವನ್ನು ಕಡಿದುಹಾಕಿ ಆ ಯಾತ್ರೆಯ ಎಡಮಗ್ಗುಲನ್ನು ಕಾಯುವುದಕ್ಕೆ ಸ್ಟಾಲಿನ್‌ಗ್ರಾಡ್ ಬೇಕಾಯಿತು. ಜುಲೈ ತಿಂಗಳ ಕೊನೆಗೆ ಹಿಟ್ಲರನು ಸೈನ್ಯವನ್ನು ಎರಡಾಗಿ ಒಡೆದು ಎರಡು ಗುರಿಗಳಿಗೂ ಒಮ್ಮೆಲೆ ಕಳುಹಿಸಿದನು. ಹೆಸರಿನ ಮೋಹ ಪ್ರಬಲವಾದುದು ಆಮೇಲೆ, ಹಿಂದೆಗೆಯುವುದು ಬುದ್ಧಿವಂತಿಕೆಯಾಗಬಹುದಾಗಿದ್ದ ಸಮಯದಲ್ಲಿ.

ಆಗಸ್ಟ್ 23, ಭಾನುವಾರ. ಅಂದು ಪೌಲುಸ್ ಎಂಬ ಸೇನಾನಿಯ ಆರನೆಯ ಸೈನ್ಯದ ಟ್ಯಾಂಕುಗಳು ಡಾನ್ ನದಿಯ ಕಡೆಯಿಂದ ಬಯಲನ್ನು ಒಂದೇ ದಿನದಲ್ಲಿ ದಾಟಿ, ನಗರದ ಉತ್ತರಕ್ಕೆ ವೋಲ್ಗಾ ದಡವನ್ನು ಮುಟ್ಟಿದವು. ದಾರಿಯಲ್ಲಿ ಅವುಗಳನ್ನು ತಡೆದುದು ವಿಮಾನ ಹೊಡೆಯುವ ಫಿರಂಗಿಗಳು. ಅವುಗಳನ್ನು ನಡೆಸುತ್ತಿದ್ದವರಲ್ಲಿ ಬಹುಮಂದಿ ಶಾಲೆ ಬಿಟ್ಟು ಹೆಚ್ಚು ದಿನವಾಗದ ಹುಡುಗಿಯರು. ಆಕಾಶಕ್ಕೆ ತಿರುಗಿದ್ದ ಕೊಳವೆಗಳನ್ನು ನೆಲಕ್ಕೆ ಇಳಿಸಿ ಕೊನೆಯವರೆಗೂ ಹೋರಾಡಿ ಮಡಿದರು. ಅದೇ ಹೊತ್ತಿಗೆ ರಿಕ್ಟ್‌ಹೋಫೆನ್ ಎಂಬುವನ ವಿಮಾನದಂಡು ನಗರದ ಮೇಲೆ ಬಾಂಬುಗಳ ಮಳೆಗರೆಯಿತು. ಮರದ ಮನೆಗಳ ಕೇರಿಗಳು ಉರಿದು ಇಟ್ಟಿಗೆಯ ಹೊಗೆಗೂಡುಗಳು ಮಾತ್ರ ನಿಂತವು. ನದಿಯ ಅಂಚಿನ ಎಣ್ಣೆಯ ತೊಟ್ಟಿಗಳು ಒಡೆದು ಬೆಂಕಿ ನೀರಿನ ಮೇಲೆ ಹರಿಯಿತು. ಆ ದಿನ ಹಾಗೂ ಮುಂದಿನ ಕೆಲವು ದಿನಗಳಲ್ಲಿ ಸತ್ತವರು 40,000 ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇದು ಹೆಚ್ಚಾಯಿತೆನ್ನುವ ಇತಿಹಾಸಕಾರರೂ ಉಂಟು. ಹೇಗಾದರೂ ಸಾವಿರಗಟ್ಟಳೆಯ ಪ್ರಜೆಗಳು ಸತ್ತುದರಲ್ಲಿ ಸಂಶಯವಿಲ್ಲ. ಇವರೆಲ್ಲ ಏಕೆ ಅಲ್ಲಿದ್ದರು? ಕಾರ್ಖಾನೆಗಳು ನಿಲ್ಲಕೂಡದು, ಜನ ಊರು ಬಿಟ್ಟರೆ ಸೈನಿಕರ ಎದೆ ಕುಂದೀತು ಎಂಬ ಎಣಿಕೆಯಿಂದ ಜನರನ್ನು ದೊಡ್ಡ ಪ್ರಮಾಣದಲ್ಲಿ ತೆರವು ಮಾಡಿಸುವ ಕೆಲಸ ದಾಳಿಗೆ ಮುಂಚೆ ನಡೆಯಲಿಲ್ಲ. ಅದು ಮೊದಲಾದುದು ಬಾಂಬು ಬಿದ್ದ ಮೇಲೆ. ಆಗ ದಾಟಬೇಕಾದ ದೋಣಿಗಳ ಮೇಲೆಯೂ ಬಾಂಬು ಬೀಳುತ್ತಿದ್ದಿತು. ಊರನ್ನು ಸುಟ್ಟವರು ಜರ್ಮನರು. ಸುಡುವ ಊರಿನಲ್ಲಿ ಜನರನ್ನು ಇರಿಸಿದ್ದವರು ಅವರದೇ ಸರ್ಕಾರದವರು. ಎರಡನ್ನೂ ಹೇಳದೆ ಚರಿತ್ರೆ ಬರೆಯುವುದು ನ್ಯಾಯವಲ್ಲ.

ಇಲ್ಲಿಂದ ಮುಂದೆ ನಡೆದುದು ಜರ್ಮನರ ಎಣಿಕೆಗೆ ತೀರ ವಿರುದ್ಧವಾದುದು. ನಗರವನ್ನು ನುಚ್ಚುನೂರು ಮಾಡಿದರೆ ಅದನ್ನು ಹೊಗುವುದು ಸುಲಭವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ನಿಂತಿರುವ ಮನೆಗಿಂತ ಬಿದ್ದ ಮನೆ ರಕ್ಷಕನಿಗೆ ಹೆಚ್ಚು ಅನುಕೂಲ. ಊರು ಸರಿಯಾಗಿದ್ದಾಗ ಬೀದಿಗಳು ನೇರವಾಗಿರುತ್ತವೆ, ನಕ್ಷೆ ಹಿಡಿದು ನಡೆಯಬಹುದು, ಟ್ಯಾಂಕು ಓಡುವುದಕ್ಕೆ ದಾರಿಯಿರುತ್ತದೆ. ಮನೆಗಳು ಬೀದಿಗೆ ಉರುಳಿದ ಮೇಲೆ ದಾರಿಯೇ ಮುಚ್ಚಿಹೋಗುತ್ತದೆ. ಟ್ಯಾಂಕು ಕಲ್ಲುಮಣ್ಣಿನ ರಾಶಿಯನ್ನು ಹತ್ತುವಾಗ ತನ್ನ ತೆಳುವಾದ ಹೊಟ್ಟೆಯನ್ನು ತೋರಿಸುತ್ತದೆ. ಅದರ ಫಿರಂಗಿಯ ಕೊಳವೆ ಒಂದು ಮಿತಿಗೆ ಮೀರಿ ಮೇಲಕ್ಕೆ ಏಳುವುದಿಲ್ಲ, ಕೆಳಕ್ಕೂ ಬಾಗುವುದಿಲ್ಲ. ಆದುದರಿಂದ ಮೂರನೆಯ ಅಂತಸ್ತಿನ ಕಿಟಕಿಯಲ್ಲಿರುವವನಿಗೂ ನೆಲಮಾಳಿಗೆಯಲ್ಲಿರುವವನಿಗೂ ಹತ್ತಿರದಲ್ಲಿ ಅದರ ಭಯವಿಲ್ಲ. ಒಮ್ಮೆ ಸುಟ್ಟುಹೋದ ಇಟ್ಟಿಗೆಯ ಕಟ್ಟಡವನ್ನು ಮತ್ತೆ ಸುಡುವುದಕ್ಕಾಗುವುದಿಲ್ಲ. ಮೇಲಣ ಅಂತಸ್ತುಗಳು ಕುಸಿದು ನೆಲಮಾಳಿಗೆಯ ಮೇಲೆ ಬಿದ್ದರೆ ಆ ಮಾಳಿಗೆಗೆ ಮತ್ತೂ ದಪ್ಪನೆಯ ಸೂರು ದೊರೆತಂತಾಗುತ್ತದೆ. ವಿಮಾನದಿಂದ ನೋಡಿದರೆ ಎಲ್ಲವೂ ಒಂದೇ ಬೂದುಬಣ್ಣ. ಸ್ವಪಕ್ಷ ಪರಪಕ್ಷಗಳ ಗುರುತು ಸಿಕ್ಕುವುದಿಲ್ಲ. ಹೀಗೆ ಕೋಟೆಯಿಲ್ಲದ ಊರಿಗೆ ಶತ್ರುವೇ ಕೋಟೆಯನ್ನು ಕಟ್ಟಿಕೊಟ್ಟಂತಾಯಿತು. ಅದೂ ಸುತ್ತ ಒಂದು ಗೋಡೆಯ ಕೋಟೆಯಲ್ಲ. ಊರಿನಲ್ಲಿ ಎಷ್ಟು ಗೋಡೆಗಳಿದ್ದವೊ ಅಷ್ಟೂ ಕೋಟೆಯಾದವು.

ಸೆಪ್ಟೆಂಬರ್ 12ರಂದು ನಗರವನ್ನು ಹಿಡಿದಿದ್ದ ರಷ್ಯನ್ನರ 62ನೆಯ ಸೈನ್ಯಕ್ಕೆ ವಾಸಿಲಿ ಚುಯಿಕೋವ್ ಎಂಬುವನು ಅಧಿಪತಿಯಾಗಿ ಬಂದನು. ರೈತರ ಮನೆಯಲ್ಲಿ ಹುಟ್ಟಿದವನು. ಆಗ ಆತನಿಗೆ 42 ವರ್ಷ. ಅದಕ್ಕೆ ಹಿಂದೆ ಚೀನಾದಲ್ಲಿ ಚಿಯಾಂಗ್ ಕೈ ಷೇಕನ ಬಳಿ ಯುದ್ಧಸಲಹೆಗಾರನಾಗಿದ್ದನು. ಮಾತು ಒರಟು, ಕೋಪ ಹೆಚ್ಚು. ಹಿಂದೆಗೆದವರನ್ನು ಗುಂಡಿಟ್ಟು ಕೊಲ್ಲಿಸುವುದಕ್ಕೆ ಆತನು ಹಿಂಜರಿಯಲಿಲ್ಲ. ಒಂದು ಹೆಜ್ಜೆಯೂ ಹಿಂದಿಡಕೂಡದೆಂಬ ಸ್ಟಾಲಿನನ ಆಜ್ಞೆ ಜುಲೈ 28ರಂದೇ ಹೊರಟಿದ್ದಿತು. ಆದರೆ ಆತನ ಹೆಸರು ಯುದ್ಧಶಾಸ್ತ್ರದಲ್ಲಿ ಉಳಿದುದು ಕ್ರೌರ್ಯದಿಂದಲ್ಲ, ಒಂದು ಸೂಕ್ಷ್ಮವಾದ ಅವಲೋಕನದಿಂದ. ಜರ್ಮನರ ಬಲವಿದ್ದುದು ಅವರ ವಿಮಾನದಲ್ಲಿಯೂ ಅಲ್ಲ, ಟ್ಯಾಂಕಿನಲ್ಲಿಯೂ ಅಲ್ಲ, ಇವೆರಡೂ ಕಾಲಾಳಿನೊಂದಿಗೆ ಕೂಡಿ ನಡೆಯುವ ಹೊಂದಿಕೆಯಲ್ಲಿ ಎಂದು ಆತನು ಕಂಡನು. ವಿಮಾನ ಬರುವವರೆಗೆ ಟ್ಯಾಂಕು ಹೊರಡದು; ಟ್ಯಾಂಕು ಮುಂದಾಗುವವರೆಗೆ ಕಾಲಾಳು ಏಳದು. ಈ ಸರಪಳಿಯ ಒಂದು ಕೊಂಡಿ ಕಡಿದರೆ ಸಾಕು.

ಕಡಿಯುವ ಉಪಾಯವೂ ಸರಳವಾಗಿದ್ದಿತು. ಶತ್ರುವಿನಿಂದ ದೂರವಿರುವುದು ಪ್ರಾಣರಕ್ಷಣೆಯೆಂದು ಎಲ್ಲರೂ ತಿಳಿಯುವರಷ್ಟೆ. ಚುಯಿಕೋವನು ಅದನ್ನು ತಿರುಗಿಸಿದನು. ಕೈಬಾಂಬು ಎಸೆಯುವಷ್ಟು ಹತ್ತಿರದಲ್ಲಿಯೇ ಸದಾ ಶತ್ರುವನ್ನು ಅಪ್ಪಿಕೊಂಡಿರಬೇಕೆಂದು ಅಪ್ಪಣೆ ಮಾಡಿದನು. ಎರಡು ಪಕ್ಷಗಳ ನಡುವೆ ಬೀದಿಯೊಂದರ ಅಗಲವೂ ಇಲ್ಲದಿದ್ದರೆ ವಿಮಾನಿ ಬಾಂಬು ಹಾಕುವುದು ಎಲ್ಲಿಗೆ? ತನ್ನವರ ಮೇಲೆಯೇ ಬಿದ್ದೀತೆಂದು ಅಂಜಬೇಕಾಯಿತು. ಹಗಲು ಜರ್ಮನರದಾದರೆ ರಾತ್ರಿ ತಮ್ಮದೆಂದು ರಷ್ಯನ್ನರು ಎಣಿಸಿದರು. ದೊಡ್ಡ ದೊಡ್ಡ ಪಡೆಗಳನ್ನು ಒಡೆದು ಸಣ್ಣ ತಂಡಗಳನ್ನು ಮಾಡಿದರು. ಆರೆಂಟು ಮಂದಿ ಕೈಬಾಂಬು, ಕಿರುಬಂದೂಕು, ಕಠಾರಿ, ಗುದ್ದಲಿಗಳೊಡನೆ ಮೊದಲು ಮನೆಗೆ ನುಗ್ಗುವರು; ಅವರ ಹಿಂದೆಯೇ ಭಾರವಾದ ಮಷೀನ್‌ಗನ್ನುಗಳನ್ನು ಹೊತ್ತ ಇನ್ನೊಂದು ತಂಡ ಹೊಕ್ಕು ಹಿಡಿದ ಮನೆಯನ್ನು ಕಾಯುವುದು; ಮೂರನೆಯದು ನೆರವಿಗೆ ಸಿದ್ಧವಾಗಿರುವುದು. ಗುದ್ದಲಿ ಅಗೆಯುವುದಕ್ಕೂ ಆಯಿತು, ಹೊಡೆಯುವುದಕ್ಕೂ ಆಯಿತು. ಭಾರಿ ಫಿರಂಗಿಗಳನ್ನು ಮಾತ್ರ ನಗರಕ್ಕೆ ತರದೆ ನದಿಯ ಪೂರ್ವ ದಂಡೆಯಲ್ಲಿಯೇ ಇರಿಸಿದರು. ಅವಶೇಷಗಳಲ್ಲಿ ಅಡಗಿದ್ದ ವೀಕ್ಷಕರು ಗುರಿಯನ್ನು ಹೇಳುತ್ತಿದ್ದರು, ಗುಂಡು ವೋಲ್ಗಾದ ಮೇಲೆ ಹಾರಿ ಬರುತ್ತಿದ್ದಿತು. ಸ್ಟಾಲಿನ್‌ಗ್ರಾಡನ್ನು ಕೈಬಾಂಬೊಂದೇ ಉಳಿಸಿತೆಂದು ಹೇಳುವವರು ಈ ಫಿರಂಗಿಗಳನ್ನು ಮರೆಯುತ್ತಾರೆ.

ಸೆಪ್ಟೆಂಬರ್ 13 ಮತ್ತು 14ರಂದು ಜರ್ಮನರು ನಗರದ ಮಧ್ಯಭಾಗಕ್ಕೆ ನುಗ್ಗಿದರು. ದೋಣಿಗಳು ಬಂದು ತಲಪುವ ಕಟ್ಟೆ ಅವರ ಗುಂಡಿನ ಅಳವಿಗೆ ಸಿಕ್ಕಿತು. 14ರ ರಾತ್ರಿ ರೊದಿಮ್ತ್ಸೆವನ ಹದಿಮೂರನೆಯ ಗಾರ್ಡ್ಸ್ ಡಿವಿಜನ್ನು, ಸುಮಾರು 10,000 ಮಂದಿ, ಉರಿಯುವ ದಡವನ್ನು ಕಣ್ಣೆದುರಿಗಿಟ್ಟುಕೊಂಡು ನದಿಯನ್ನು ದಾಟಲು ತೊಡಗಿದರು. ದೋಣಿಯಿಂದ ಇಳಿದವರು ಸಾಲುಗೂಡುವುದಕ್ಕೂ ಅವಕಾಶವಿಲ್ಲದೆ ನೇರವಾಗಿ ಕಾಳಗಕ್ಕೆ ಹೊಕ್ಕರು. ಅವರಲ್ಲಿ ಬಹುಭಾಗ ಸ್ವಲ್ಪಕಾಲದಲ್ಲಿಯೇ ತೀರಿಹೋಯಿತು. ಆದರೆ ನಗರ ಅಂದು ಬೀಳಲಿಲ್ಲ. ರೈಲು ನಿಲ್ದಾಣ ಹಲವು ಸಲ ಕೈಬದಲಾಯಿತು. ದಕ್ಷಿಣದ ಧಾನ್ಯದ ಉಗ್ರಾಣದಲ್ಲಿ ಸುಮಾರು 50 ಮಂದಿ ನಾವಿಕರೂ ಕಾಲಾಳುಗಳೂ ಸೇರಿ ಹಲವು ದಿನ ತಡೆದು ನಿಂತರು. ಗೋದಿ ಹೊತ್ತಿಕೊಂಡು ಒಳಗೆ ಹೊಗೆ ತುಂಬಿದ್ದಿತು, ಕುಡಿಯುವುದಕ್ಕೆ ನೀರಿರಲಿಲ್ಲ. ಮಷೀನ್‌ಗನ್ನಿನ ಕೊಳವೆಯನ್ನು ತಂಪುಮಾಡುವುದಕ್ಕೂ ಇರಲಿಲ್ಲ. ಪೌಲುಸನು ಈ ಕದನದ ಸ್ಮರಣೆಗೆಂದು ತನ್ನ ಸೈನಿಕರ ತೋಳಿಗೆ ಒಂದು ಬಿರುದಿನ ಬಿಲ್ಲೆಯನ್ನು ಯೋಜಿಸಿದಾಗ ಅದರ ಮೇಲೆ ಬರೆಯಿಸಬೇಕೆಂದುಕೊಂಡ ಚಿತ್ರ ಇದೇ ಉಗ್ರಾಣದ್ದು. ಬಿಲ್ಲೆಯನ್ನು ತೊಡುವ ಕಾಲ ಬರಲಿಲ್ಲ.

ಬೀದಿಕಾಳಗದ ಮರ್ಮವನ್ನು ತಿಳಿಯಲು ಒಂದು ಮನೆಯನ್ನು ನೋಡಿದರೆ ಸಾಕು. ನದಿಗೆ ಸಮೀಪದ ಚೌಕವೊಂದರ ಬದಿಯಲ್ಲಿ ನಾಲ್ಕು ಅಂತಸ್ತಿನ ಒಂದು ವಸತಿಗೃಹವಿದ್ದಿತು. ಸೆಪ್ಟೆಂಬರ್ ಕೊನೆಯಲ್ಲಿ ಯಾಕೊವ್ ಪಾವ್ಲೋವ್ ಎಂಬ ಸಾರ್ಜೆಂಟನು ಮೂವರೊಡನೆ ಅದನ್ನು ಹೊಕ್ಕನು. ಬಳಿಕ ನೆರವು ಬಂದು ಕಾವಲಿಗಿದ್ದವರು ಸುಮಾರು 25 ಮಂದಿಯಾದರು. ಮುಂಗಡೆಯ ಬಯಲಿನಲ್ಲಿ ನೆಲಬಾಂಬುಗಳನ್ನು ಹೂತರು. ಒಳಗೋಡೆಗಳಲ್ಲಿ ಕಂಡಿಗಳನ್ನು ಕೊರೆದು ಬೀದಿಗೆ ಕಾಲಿಡದೆ ಕೋಣೆಯಿಂದ ಕೋಣೆಗೆ ಓಡಾಡುವಂತೆ ಮಾಡಿಕೊಂಡರು. ಹಿಂದುಗಡೆಯಿಂದ ಹಳೆಯ ಗಿರಣಿಯವರೆಗೆ ಕಂದಕ ತೋಡಿ ಅದರ ಮೂಲಕ ಮದ್ದು, ಆಹಾರಗಳನ್ನು ತರಿಸಿಕೊಂಡರು. ಟ್ಯಾಂಕು ಒಡೆಯುವ ಬಂದೂಕನ್ನು ಎತ್ತರದಲ್ಲಿಟ್ಟು, ಮೇಲಕ್ಕೆ ಏಳಲಾರದ ಟ್ಯಾಂಕುಗಳ ನೆತ್ತಿಗೆ ಹೊಡೆದರು. ಹೀಗೆ 58 ದಿನ ಆ ಮನೆ ನಿಂತಿತು. ನೆಲಮಾಳಿಗೆಯಲ್ಲಿ ಈ ಕಾಲವೆಲ್ಲ ಊರಿನ ಹೆಂಗಸರು ಮಕ್ಕಳು ಇದ್ದರು. ಕಾಳಗದ ವೇಳೆಯಲ್ಲಿ ಅಲ್ಲಿದ್ದ ಹೆಣ್ಣುಕೂಸೊಂದು ಬದುಕಿ ದೊಡ್ಡದಾಯಿತು.

ಈ ಮನೆಯ ವಿಷಯದಲ್ಲಿ ಇತಿಹಾಸದ ವಿದ್ಯಾರ್ಥಿ ಸ್ವಲ್ಪ ಎಚ್ಚರದಿಂದಿರಬೇಕು. ಮನೆಗೆ ಪಾವ್ಲೋವನ ಹೆಸರು ನಿಂತಿತು. ಕಾವಲಿನ ಬಹುಕಾಲ ಅಲ್ಲಿ ಅಧಿಕಾರಿಯಾಗಿದ್ದವನು ಅಫನಾಸ್ಯೆವ್ ಎಂಬ ಲೆಫ್ಟಿನೆಂಟು. ಸಾಮಾನ್ಯ ಸಾರ್ಜೆಂಟನು ಕಥಾನಾಯಕನಾದರೆ ವೃತ್ತಪತ್ರಿಕೆಗಳಿಗೆ ಹೆಚ್ಚು ಸೊಗಸು. ಪ್ಯಾರಿಸನ್ನು ಹಿಡಿಯುವಾಗ ಸತ್ತುದಕ್ಕಿಂತ ಹೆಚ್ಚು ಜರ್ಮನರು ಈ ಮನೆಯ ಮುಂದೆ ಸತ್ತರೆಂದು ಚುಯಿಕೋವನು ಬರೆದಿದ್ದಾನೆ. ಪ್ಯಾರಿಸು ಕಾಳಗವಿಲ್ಲದೆ ಶರಣಾದುದರಿಂದ ಈ ತುಲನೆಗೆ ಕಾಂತಿಯುಂಟು, ತೂಕವಿಲ್ಲ. ಗುರಿಕಾರ ಜೈತ್ಸೆವನ ಕಥೆಯೂ ಹಾಗೆಯೇ. ಆತನು 225 ಮಂದಿಯನ್ನು ಹೊಡೆದನೆಂದು ಲೆಕ್ಕವಿದೆ. ಆತನೊಂದಿಗೆ ದ್ವಂದ್ವಯುದ್ಧಕ್ಕಾಗಿ ಬರ್ಲಿನ್ನಿನಿಂದ ಬಂದನೆನ್ನಲಾದ ಜರ್ಮನ್ ಮೇಜರನ ಸುಳಿವು ಮಾತ್ರ ಜರ್ಮನರ ದಾಖಲೆಗಳಲ್ಲಿ ಸಿಕ್ಕಿಲ್ಲ. ಆ ಕಥೆ ಸಿನಿಮಾ ಆಗಿ ಲೋಕಪ್ರಸಿದ್ಧವಾಗಿದೆ. ನನ್ನ ವಿದ್ಯಾರ್ಥಿಗಳು ಸ್ಟಾಲಿನ್‌ಗ್ರಾಡಿನ ಬಗ್ಗೆ ಮೊದಲು ಕೇಳುವುದೇ ಅದನ್ನು.

ನಿಜವಾದ ಕಷ್ಟಗಳಿಗೆ ನಾಯಕರಿಲ್ಲ. ಅವುಗಳಲ್ಲಿ ಮೊದಲನೆಯದು ಅಧಿಕಾರದ ಕಷ್ಟ. ಬಯಲಿನಲ್ಲಿ ಸೇನಾನಿಯು ದಿಬ್ಬದ ಮೇಲೆ ನಿಂತು ತನ್ನ ಸೈನ್ಯವನ್ನು ಕಾಣಬಲ್ಲನು. ನಗರದಲ್ಲಿ ಆತನಿಗೆ ಮುಂದಿನ ಗೋಡೆಯಾಚೆ ಏನಿದೆಯೆಂಬುದೂ ಕಾಣದು. ಟೆಲಿಫೋನ್ ತಂತಿಗಳು ಘಂಟೆಗೊಮ್ಮೆ ಕಡಿಯುತ್ತವೆ. ಅವುಗಳನ್ನು ಜೋಡಿಸಲು ಹೋದವನು ಹಿಂತಿರುಗುವುದಿಲ್ಲ. ಆದುದರಿಂದ ಮೆಟ್ಟಿಲ ಮೇಲಿರುವ ಹವಾಲ್ದಾರನು ತಾನೇ ತೀರ್ಮಾನಿಸಬೇಕು. ಒಂದು ಕಟ್ಟಡದ ಕೆಳ ಅಂತಸ್ತಿನಲ್ಲಿ ಒಬ್ಬರು, ಮೇಲಿನದರಲ್ಲಿ ಇನ್ನೊಬ್ಬರು ಇರುವುದು ಅಲ್ಲಿ ಸಾಮಾನ್ಯವಾಯಿತು. ನಕ್ಷೆಯಲ್ಲಿ ಗೆರೆ ಎಳೆಯುವವರಿಗೆ ಅಂತಹ ಗಡಿಯನ್ನು ಗುರುತಿಸಲು ಬಗೆಯಿಲ್ಲ. ಎರಡನೆಯದು ನಿದ್ದೆಯ ಕಷ್ಟ. ಬಯಲಿನ ಯುದ್ಧದಲ್ಲಿ ಹಿಂದಿನ ಸಾಲೆಂಬುದೊಂದಿರುತ್ತದೆ. ಅಲ್ಲಿಗೆ ಹೋಗಿ ಮಲಗಬಹುದು. ಇಲ್ಲಿ ಹಿಂದು ಮುಂದು ಎಂಬುದೇ ಇಲ್ಲ. ಚರಂಡಿಯೊಳಗಿಂದಲೂ ಶತ್ರು ಬಂದಾನು. ಜರ್ಮನ್ ಸೈನಿಕರು ಇದನ್ನು ಇಲಿಗಳ ಯುದ್ಧವೆಂದು ಕರೆದರು. ಇನ್ನು ಗಾಯಗೊಂಡವರ ಪಾಡು: ರಷ್ಯನ್ನರಲ್ಲಿ ಗಾಯಾಳುವು ರಾತ್ರಿಯವರೆಗೆ ನದಿಯ ದಡದಲ್ಲಿ ಬಿದ್ದಿರಬೇಕು, ಮದ್ದುಗುಂಡು ತಂದ ದೋಣಿ ಹಿಂತಿರುಗುವಾಗ ಅದರಲ್ಲಿ ಸ್ಥಳ ಸಿಕ್ಕಬೇಕು, ಆ ದೋಣಿ ಗುಂಡಿಗೆ ಸಿಕ್ಕದೆ ಆಚೆ ದಡ ಸೇರಬೇಕು. ನವೆಂಬರಿನಲ್ಲಿ ನದಿಯಲ್ಲಿ ಹಿಮದ ಗಡ್ಡೆಗಳು ತೇಲಿಬರಲು ತೊಡಗಿದಾಗ ಇದೂ ಅಸಾಧ್ಯವಾಗುತ್ತ ಬಂದಿತು.

ಅಕ್ಟೋಬರ್ 14ರಂದು ಕಾರ್ಖಾನೆಗಳ ಮೇಲೆ ಅತ್ಯಂತ ಘೋರವಾದ ದಾಳಿ ನಡೆಯಿತು. ಟ್ರ್ಯಾಕ್ಟರ್ ಕಾರ್ಖಾನೆ ಬಿದ್ದು, ಚುಯಿಕೋವನ ಸೈನ್ಯ ಎರಡು ತುಂಡಾಯಿತು. ನವೆಂಬರ್ 8ರಂದು ಮ್ಯೂನಿಕ್ಕಿನ ಭಾಷಣದಲ್ಲಿ ಹಿಟ್ಲರನು ನಗರ ಬಹುಮಟ್ಟಿಗೆ ತಮ್ಮ ಕೈಯಲ್ಲಿದೆಯೆಂದು ಸಾರಿದನು. ಅಲ್ಲಿ ಇನ್ನೊಂದು ವರ್ಡನ್ ಆಗುವುದನ್ನು ತಾನು ಬಯಸುವುದಿಲ್ಲ, ಆದುದರಿಂದಲೇ ಸಣ್ಣ ತಂಡಗಳಿಂದ ಕೆಲಸ ಮಾಡಿಸುತ್ತಿರುವೆನೆಂದೂ ಹೇಳಿದನು. ಮೊದಲನೆಯ ಮಹಾಯುದ್ಧದಲ್ಲಿ ಎರಡು ಸೈನ್ಯಗಳ ರಕ್ತವನ್ನು ಹೀರಿದ ವರ್ಡನ್ನಿನ ಹೆಸರು ಅವನ ಬಾಯಿಂದಲೇ ಬಂದುದು ಗಮನಿಸತಕ್ಕದ್ದು. ಮೂರು ದಿನಗಳ ಮೇಲೆ, ಕಟ್ಟಡಗಳನ್ನು ಸಿಡಿಸುವುದರಲ್ಲಿ ಪಳಗಿದ ಪಯನೀರು ಪಡೆಗಳನ್ನು ಬೇರೆ ಕಡೆಗಳಿಂದ ತರಿಸಿ ಕೊನೆಯ ದಾಳಿ ಮಾಡಿದರು. ಬಾರಿಕಾಡಿ ಕಾರ್ಖಾನೆಯ ಹಿಂದೆ ನದಿಯ ದಡದ ಕಿರಿದಾದ ಪಟ್ಟಿಯೊಂದರಲ್ಲಿ ಲ್ಯೂದ್ನಿಕೋವನ ಡಿವಿಜನ್ನು ಮೂರು ಕಡೆ ಶತ್ರು, ಒಂದು ಕಡೆ ಹಿಮದ ನದಿಯಿದ್ದ ದ್ವೀಪದಂತಾಯಿತು. ಆದರೂ ಅಳಿಯಲಿಲ್ಲ. ನಗರದಲ್ಲಿ ಹತ್ತರಲ್ಲಿ ಒಂಬತ್ತು ಭಾಗ ಜರ್ಮನರದಾಗಿದ್ದಿತು. ಉಳಿದ ಒಂದು ಭಾಗ ಅವರ ಸೈನ್ಯವನ್ನು ತಿನ್ನುತ್ತಿದ್ದಿತು.

ನನ್ನ ಅಭಿಪ್ರಾಯದಲ್ಲಿ ಈ ಕದನದ ಮುಖ್ಯವಾದ ತತ್ತ್ವವಿರುವುದು ಇಲ್ಲಿಯೇ. ನಗರವನ್ನು ಹೊಕ್ಕ ಸೈನ್ಯಕ್ಕೆ ನಗರವೇ ಪ್ರಪಂಚವಾಗಿಬಿಡುತ್ತದೆ. ಇಂದು ಈ ಮನೆ, ನಾಳೆ ಆ ಕಾರ್ಖಾನೆ ಎಂದು ದಿನಕ್ಕೊಂದು ಬೆಲೆ ತೆತ್ತ ಮೇಲೆ ತೆತ್ತ ಬೆಲೆಯೇ ಮುಂದಕ್ಕೆ ನೂಕುತ್ತದೆ. ಒಳ್ಳೆಯ ಡಿವಿಜನ್ನುಗಳೆಲ್ಲ ಬೀದಿಗಳಿಗೆ ಹೋದುದರಿಂದ ಡಾನ್ ನದಿಯ ಉದ್ದಕ್ಕೂ ದಕ್ಷಿಣದ ಹುಲ್ಲುಗಾವಲಿನಲ್ಲಿಯೂ ಉದ್ದನೆಯ ಮಗ್ಗುಲುಗಳನ್ನು ಕಾಯುವ ಕೆಲಸ ರೊಮಾನಿಯದ ಸೈನ್ಯಗಳ ಪಾಲಿಗೆ ಬಂದಿತು. ಅವರಲ್ಲಿ ಟ್ಯಾಂಕು ಒಡೆಯುವ ಒಳ್ಳೆಯ ಫಿರಂಗಿಗಳೂ ಸಾಕಷ್ಟಿರಲಿಲ್ಲ. ಝೂಕೊವ್, ವಾಸಿಲೆವ್‌ಸ್ಕಿ ಎಂಬ ರಷ್ಯನ್ ಸೇನಾನಿಗಳು ಕಾದಿದ್ದುದು ಇದಕ್ಕಾಗಿಯೇ. ಚುಯಿಕೋವನಿಗೆ ನಗರ ಬೀಳದಂತೆ ನೋಡಿಕೊಳ್ಳುವಷ್ಟು ಮಾತ್ರ ನೆರವು ಕಳುಹಿಸುತ್ತ, ಮಿಕ್ಕುದನ್ನೆಲ್ಲ ಬಯಲಿನಲ್ಲಿ ಗುಪ್ತವಾಗಿ ಕೂಡಿಹಾಕಿದರು. ನವೆಂಬರ್ 19ರಂದು ಉತ್ತರದಿಂದಲೂ 20ರಂದು ದಕ್ಷಿಣದಿಂದಲೂ ಹೊಡೆದರು. 23ರಂದು ಎರಡು ಕವಲುಗಳೂ ಕಲಾಚ್ ಎಂಬ ಊರಿನ ಹತ್ತಿರ ಕೂಡಿದವು. ಎರಡೂವರೆ ಲಕ್ಷಕ್ಕೆ ಮೇಲ್ಪಟ್ಟ ಸೈನಿಕರು ಬಲೆಯಲ್ಲಿ ಸಿಕ್ಕಿಬಿದ್ದರು.

ನಗರದ ಹಣೆಬರಹ ನಗರದ ಹೊರಗೆ ಬರೆಯಲ್ಪಡುತ್ತದೆಂಬುದಕ್ಕೆ ನಮ್ಮವರೇ ಪಾಲುಗೊಂಡ ಒಂದು ನಿದರ್ಶನವೂ ಉಂಟು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಮೈಸೂರು, ಜೋಧಪುರ ಸಂಸ್ಥಾನಗಳ ಲಾನ್ಸರ್ ಪಡೆಗಳು ಹಿಡಿದವು. ಪಟ್ಟಣವನ್ನು ಕಾಯುತ್ತಿದ್ದ ತುರ್ಕರ ಕಡೆಯ ಫಿರಂಗಿಗಳು ಕಾರ್ಮೆಲ್ ಬೆಟ್ಟದ ಮೇಲಿದ್ದವು. ಮೈಸೂರಿನ ಸವಾರರಲ್ಲಿ ಒಂದು ತುಕಡಿ ಬೆಟ್ಟವನ್ನು ಹತ್ತಿ ಆ ಫಿರಂಗಿಗಳ ಮೇಲೆ ಬೀಳಲು, ಜೋಧಪುರದವರು ತಗ್ಗಿನ ದಾರಿಯಲ್ಲಿ ಕುದುರೆಗಳನ್ನು ನಾಗಾಲೋಟದಿಂದ ಓಡಿಸಿ ಊರೊಳಗೆ ನುಗ್ಗಿದರು. ಅವರ ನಾಯಕ ದಳಪತ್ ಸಿಂಗನು ಮಡಿದನು. ಒಂದೇ ದಿನದಲ್ಲಿ ಊರು ವಶವಾಯಿತು. ದೆಹಲಿಯ ತೀನ್‌ಮೂರ್ತಿಗಳು ಹೈದರಾಬಾದನ್ನೂ ಕೂಡಿಸಿ ಈ ಮೂರು ಸಂಸ್ಥಾನಗಳ ಸವಾರರ ಸ್ಮಾರಕ. ಈಟಿ ಹಿಡಿದ ಸವಾರನು ಬೀದಿಯಲ್ಲಿ ಗೆದ್ದುದು ಬೀದಿಯಲ್ಲಿ ರಕ್ಷಣೆಯಿಲ್ಲದಿದ್ದುದರಿಂದ, ಬೆಟ್ಟ ಕೈಬಿಟ್ಟುದರಿಂದ. ಅದೇ ಸವಾರನಿಗೆ ಪ್ರತಿಯೊಂದು ಕಿಟಕಿಯಲ್ಲಿಯೂ ಬಂದೂಕು ಎದುರಾಗಿದ್ದರೆ ಕಥೆ ಬೇರೆಯಾಗುತ್ತಿದ್ದಿತು.

ಸ್ಟಾಲಿನ್‌ಗ್ರಾಡಿನ ಉಳಿದ ಕಥೆಯನ್ನು ಬೇಗ ಹೇಳಬಹುದು. ಮುತ್ತಿಗೆ ಹಾಕಿದ್ದವರು ಮುತ್ತಿಗೆಗೆ ಸಿಕ್ಕಿದರು. ಬದುಕಲು ದಿನಕ್ಕೆ 500 ಟನ್ ಸಾಮಗ್ರಿ ಬೇಕಾಗಿದ್ದಿತು. ವಿಮಾನಗಳ ಮೂಲಕ ಒದಗಿಸುವೆನೆಂದು ಗೋರಿಂಗನು ಭರವಸೆಯಿತ್ತನು. ಬಂದುದು ಸರಾಸರಿ 100 ಟನ್ನಿನ ಸುಮಾರು. ಡಿಸೆಂಬರಿನಲ್ಲಿ ಮಾನ್‌ಸ್ಟೈನನು ಹೊರಗಿನಿಂದ ಬಿಡಿಸಲು ಮಾಡಿದ ಯತ್ನ ಕೈಗೂಡಲಿಲ್ಲ. 1943ರ ಜನವರಿ 31ರಂದು ಪೌಲುಸನು ನಗರದ ದೊಡ್ಡ ಅಂಗಡಿಯೊಂದರ ನೆಲಮಾಳಿಗೆಯಲ್ಲಿ ಸೆರೆಯಾದನು. ಫೆಬ್ರವರಿ 2ರಂದು ಉತ್ತರದ ತುಂಡೂ ಶರಣಾಯಿತು. ಸೆರೆಸಿಕ್ಕ 91,000 ಮಂದಿಯಲ್ಲಿ ಮನೆಗೆ ಹಿಂತಿರುಗಿದವರು ಐದಾರು ಸಾವಿರ. ಅವರಲ್ಲಿ ಕೊನೆಯವರು ಬಂದುದು 1955ರಲ್ಲಿ. ಗೆದ್ದ ರಷ್ಯನ್ನರ ಪಕ್ಷದಲ್ಲಿ ಬಯಲು ನಗರಗಳೆರಡನ್ನೂ ಕೂಡಿಸಿ ಸತ್ತವರೂ ಕಾಣೆಯಾದವರೂ ಅವರ ಅಧಿಕೃತ ಲೆಕ್ಕದಂತೆ ಸುಮಾರು 4,78,000.

ಈ ಲೆಕ್ಕಗಳಲ್ಲಿ ಊರಿನ ಜನ ಸೇರಿಲ್ಲ. ಐದು ತಿಂಗಳೂ ಅವರಲ್ಲಿ ಹಲವರು ನೆಲಮಾಳಿಗೆಗಳಲ್ಲಿ, ಚರಂಡಿಗಳಲ್ಲಿ, ನದಿಯ ದಡದ ಕೊರಕಲುಗಳಲ್ಲಿ ತೋಡಿಕೊಂಡ ಗವಿಗಳಲ್ಲಿ ಕಳೆದರು. ಉಗ್ರಾಣದ ಸುಟ್ಟ ಗೋದಿಯನ್ನು ಆರಿಸಿ ತಂದು ತಿಂದರು. ನೀರಿಗೆ ಹೋದವರನ್ನು ಎರಡು ಕಡೆಯ ಗುಂಡುಗಳೂ ಹುಡುಕಿದವು. ಜರ್ಮನರು ತಾವು ಹಿಡಿದ ಕೇರಿಗಳಿಂದ ಸಾವಿರಾರು ಜನರನ್ನು ಕಾಲುನಡಿಗೆಯಲ್ಲಿ ಪಶ್ಚಿಮಕ್ಕೆ ಅಟ್ಟಿದರು. ಅವರಲ್ಲಿ ಬಹುಮಂದಿಯನ್ನು ಜರ್ಮನಿಗೆ ಜೀತಕ್ಕೆ ಸಾಗಿಸಿದರು. ಕಾಳಗದ ಕೇರಿಗಳಲ್ಲಿ ಕೊನೆಯವರೆಗೂ ಇದ್ದು ಬದುಕಿ ಹೊರಬಂದವರು ಸುಮಾರು 10,000 ಮಂದಿಯೆಂದು ಲೆಕ್ಕ ಸಿಕ್ಕುತ್ತದೆ. ಅವರಲ್ಲಿ ಸಾವಿರದಷ್ಟು ಮಂದಿ ಮಕ್ಕಳು, ಅವರಲ್ಲಿ ತಂದೆತಾಯಿಗಳನ್ನು ಮತ್ತೆ ಕಂಡವರು ಬೆರಳೆಣಿಕೆಯಷ್ಟು. ಸೇನಾನಿಗಳ ಸ್ಮರಣಗ್ರಂಥಗಳಲ್ಲಿ ಇವರಿಗೆ ಕೆಲವು ಸಾಲುಗಳಿಗಿಂತ ಹೆಚ್ಚು ಸ್ಥಳ ಸಿಗುವುದಿಲ್ಲ. ನಗರದಲ್ಲಿ ನಡೆಯುವ ಯುದ್ಧದ ಕಷ್ಟಗಳನ್ನು ವಿವರಿಸುವ ಶಾಸ್ತ್ರಗ್ರಂಥಗಳೂ ಪ್ರಜೆಗಳನ್ನು ಸೈನ್ಯದ ಚಲನಕ್ಕೆ ಒಂದು ಅಡ್ಡಿಯೆಂದು ಎಣಿಸುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಅವರಿಗಾಗಿ ಕಟ್ಟಿದ ಊರಲ್ಲವೆ ಅದು?

ಚುಯಿಕೋವನ ಸೈನ್ಯ ಮುಂದೆ ಎಂಟನೆಯ ಗಾರ್ಡ್ಸ್ ಸೈನ್ಯವೆಂಬ ಹೆಸರಿನಿಂದ 1945ರ ಏಪ್ರಿಲಿನಲ್ಲಿ ಬರ್ಲಿನ್ನನ್ನು ಹೊಕ್ಕಿತು. ಹಿಂದೆ ಕಾಯುವವನಾಗಿ ಕಲಿತುದನ್ನು ಆತನು ಈಗ ಹೊಗುವವನಾಗಿ ಬಳಸಿದನು. ಮೇ 2ರಂದು ಬರ್ಲಿನ್ನಿನ ಸೇನಾನಿಯು ಶರಣಾದುದು ಆತನೆದುರಿಗೆ. ಇಷ್ಟು ರಕ್ತದಿಂದ ಪಡೆದ ಪಾಠವೂ ಅದೇ ಸೈನ್ಯದ ವಾರಸುದಾರರಲ್ಲಿ ಉಳಿಯಲಿಲ್ಲ. 1994ರ ಡಿಸೆಂಬರ್ 31ರಂದು ರಷ್ಯನ್ ಟ್ಯಾಂಕುಗಳು ಚೆಚೆನ್ಯದ ಗ್ರೋಜ್ನಿ ನಗರಕ್ಕೆ ಸಾಕಷ್ಟು ಕಾಲಾಳಿನ ಬೆಂಬಲವಿಲ್ಲದೆ ಸಾಲಾಗಿ ಹೊಕ್ಕು, ಮೇಲಿನ ಅಂತಸ್ತುಗಳಿಂದಲೂ ನೆಲಮಾಳಿಗೆಗಳಿಂದಲೂ ಬಂದ ಹೊಡೆತಕ್ಕೆ ಸಿಕ್ಕಿ ಸುಟ್ಟುಹೋದವು. ಆ ಬಳಿಕ ದೂರದಿಂದ ಫಿರಂಗಿಗಳ ಮೂಲಕ ನಗರವನ್ನೇ ಪುಡಿಮಾಡಿದರು. ಒಳಗಿದ್ದವರಲ್ಲಿ ಬಹುಮಂದಿ ರಷ್ಯನ್ ಮುದುಕ ಮುದುಕಿಯರೇ ಆಗಿದ್ದರು. ಇರಾಕಿನ ಮೋಸುಲ್ ನಗರದಲ್ಲಿ 2016ರ ಅಕ್ಟೋಬರಿನಿಂದ 2017ರ ಜುಲೈವರೆಗೆ, ಗುರಿ ತಪ್ಪದ ಬಾಂಬುಗಳಿದ್ದ ಕಾಲದಲ್ಲಿಯೂ, ಹಳೆಯ ಪೇಟೆ ಮನೆಮನೆಯಾಗಿ ಉರುಳಿತು. 2022ರ ನವೆಂಬರಿನಲ್ಲಿ ಡಬ್ಲಿನ್ನಿನಲ್ಲಿ ಹಲವು ರಾಷ್ಟ್ರಗಳು ಕೂಡಿ ಜನವಸತಿಯ ಸ್ಥಳಗಳಲ್ಲಿ ಸ್ಫೋಟಕಾಸ್ತ್ರಗಳ ಬಳಕೆಯನ್ನು ತಡೆಹಿಡಿಯುವೆವೆಂದು ಒಂದು ಘೋಷಣೆಗೆ ಸಮ್ಮತಿಯಿತ್ತವು. ಅದು ಕಾನೂನಲ್ಲ, ವಚನ.

ವೋಲ್ಗೋಗ್ರಾಡಿನಲ್ಲಿ ಪಾವ್ಲೋವನ ಮನೆಯ ಎದುರಿಗಿದ್ದ ಹಳೆಯ ಗಿರಣಿಯನ್ನು ರಿಪೇರಿ ಮಾಡದೆ, ಗುಂಡಿನ ತೂತುಗಳೊಡನೆ ಹಾಗೆಯೇ ಉಳಿಸಿದ್ದಾರೆ. ಮನೆಯನ್ನು ಮಾತ್ರ ಮತ್ತೆ ಕಟ್ಟಿದರು. ಅದಕ್ಕೆ ಮೊದಲು ಕೈಹಚ್ಚಿದವರು ಸರ್ಕಾರದ ಇಂಜಿನಿಯರುಗಳಲ್ಲ. 1943ರ ಜೂನ್ ತಿಂಗಳಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ಶಿಶುವಿಹಾರದಲ್ಲಿ ಕೆಲಸಕ್ಕಿದ್ದ ಅಲೆಕ್ಸಾಂದ್ರಾ ಚೆರ್ಕಾಸೊವಾ ಎಂಬ ಹೆಂಗಸು ಇನ್ನೂ ಹತ್ತೊಂಬತ್ತು ಮಂದಿ ಹೆಂಗಸರನ್ನು ಕೂಡಿಸಿಕೊಂಡು, ತಮ್ಮ ತಮ್ಮ ಕೆಲಸ ಮುಗಿದ ಮೇಲೆ ಸಂಜೆಯ ವೇಳೆ ಅಲ್ಲಿಗೆ ಬಂದು ಇಟ್ಟಿಗೆಗಳನ್ನು ಆರಿಸಿ ಒಟ್ಟುವುದಕ್ಕೆ ತೊಡಗಿದರು.